ಬಾಣಂತಿಗೊಂದು ಕೊರಮೀನು

ನನ್ನ ಮಗಳಿಗೆ ಹೆರಿಗೆಯಾಗಿ ಹನ್ನೊಂದು ದಿನ ಕಳೆದರೂ ಎದೆಹಾಲು ಇಳಿದಿರಲಿಲ್ಲ. ಅವತ್ತು ನಾನು ಮೀನು ಹಿಡಿಯುವ ಸಾಮಾನು ಕೊಳ್ಳಲು ಹೊರಟೆ. ಹೀಗೆ ಬರೆದರೆ ತಲೆ ಕೆಟ್ಟವನ ಮಾತಿನ ಹಾಗೆ ಕಾಣುತ್ತದೆ. ತಲೆ ಕೆಟ್ಟೇ ಇತ್ತು.

ಮಗು ಏಳು ತಿಂಗಳು ತುಂಬಿದ ಮೇಲೆ ಹದಿನೈದು ದಿನವೂ ಕಾಯದೆ ಹುಟ್ಟಿಬಿಟ್ಟಿತ್ತು. ಒಂದೂಕಾಲು ಕೆಜಿ. ಕೋಲಾರದ ಆಸ್ಪತ್ರೆಯಲ್ಲಿ ಅದನ್ನು ಗಾಜಿನ ಪೆಟ್ಟಿಗೆಯೊಳಗೆ ಇಟ್ಟಿದ್ದರು. ಎಂಟನೆಯ ದಿನಕ್ಕೆ ಮಗಳನ್ನು ಮನೆಗೆ ಕಳುಹಿಸಿ ಮಗುವನ್ನು ಅಲ್ಲೇ ಉಳಿಸಿಕೊಂಡರು. ಬಾಣಂತನ ತವರಿನಲ್ಲೇ ಆಗಬೇಕಲ್ಲ, ಹಾಗಾಗಿ ಹೊಲಿಗೆ ಇನ್ನೂ ಮಾಯದ ಹೊಟ್ಟೆ ಹಿಡಿದುಕೊಂಡು ಅವಳು ಮುಳಬಾಗಿಲಿನ ನಮ್ಮ ಮನೆಗೆ ಬಂದಳು. ದಿನಾ ಬೆಳಿಗ್ಗೆ ಅವಳೂ ನನ್ನ ಹೆಂಡತಿಯೂ ಕೋಲಾರಕ್ಕೆ ಹೋಗಿ, ಮಗುವನ್ನು ನೋಡಿಕೊಂಡು ಸಂಜೆಗೆ ವಾಪಸಾಗುತ್ತಿದ್ದರು. ಅಳಿಯ ಮಾಲೂರಿನ ಕಾರ್ಖಾನೆಯಲ್ಲಿ ಶಿಫ್ಟ್ ಮುಗಿಸಿ ನೇರವಾಗಿ ಆಸ್ಪತ್ರೆಗೆ ಹೋಗಿ ಬೆಂಚಿನ ಮೇಲೆ ಮಲಗುತ್ತಿದ್ದ.

ಮಗುವಿಗೆ ಪುಡಿ ಹಾಲು ಅರಗುತ್ತಿಲ್ಲ, ಹೊಟ್ಟೆ ಉಬ್ಬುತ್ತಿದೆ ಎಂದು ಡಾಕ್ಟರು ಹೇಳಿದರು. ತಾಯಿಯ ಹಾಲು ನಾಲ್ಕು ಚಮಚ ಸಿಕ್ಕರೂ ಸಾಕು, ಅದೇ ಔಷಧಿ ಎಂದರು. ಹಾಲು ತೆಗೆಯಲು ಕೈಯಲ್ಲಿ ಒತ್ತುವ ಸಣ್ಣ ಪಂಪೊಂದನ್ನು ನರ್ಸಮ್ಮ ಕೊಟ್ಟಿದ್ದರು. ಮಗಳು ಒಳಗಿನ ಕೋಣೆಯ ಬಾಗಿಲು ಹಾಕಿಕೊಂಡು ಅರ್ಧ ಗಂಟೆ ಕೂರುತ್ತಿದ್ದಳು. ಬಾಗಿಲು ತೆಗೆದಾಗ ನಾವೆಲ್ಲ ಮೊದಲು ನೋಡುತ್ತಿದ್ದುದು ಅವಳ ಕೈಯಲ್ಲಿದ್ದ ಬಾಟಲಿಯನ್ನು. ಅದು ಒಣಗಿಯೇ ಇರುತ್ತಿತ್ತು. ನಾನು ಬಾಟಲಿ ನೋಡುತ್ತಿರುವುದನ್ನು ಅವಳು ಒಂದು ದಿನ ನೋಡಿಬಿಟ್ಟಳು. ಆಮೇಲೆ ಅದನ್ನು ಸೆರಗಿನಲ್ಲಿ ಮುಚ್ಚಿಕೊಂಡು ಅಡುಗೆಮನೆಗೆ ಹೋಗತೊಡಗಿದಳು.

ಕೊರಮೀನಿನ ಮಾತು ತೆಗೆದವರು, ಬಾಣಂತನಕ್ಕೆಂದು ಬಂದು ನಮ್ಮಲ್ಲೇ ಉಳಿದಿದ್ದ ನನ್ನ ಅತ್ತೆ. ಆಂಧ್ರದ ಗಡಿಯ ಕಡೆಯವರು, ಕನ್ನಡದಲ್ಲಿ ಶುರು ಮಾಡಿ ತೆಲುಗಿನಲ್ಲಿ ಮುಗಿಸುವವರು. "ಬಾಣಂತಿಗೆ ಕೊರಮೀನು ಸಾರು ಕೊಡ್ಬೇಕು, ಮೆಣಸು ಬೆಳ್ಳುಳ್ಳಿ ಹಾಕಿ. ಮೂಡು ರೋಜುಲ್ಲೋ ಪಾಲು ವಸ್ತಾಯಿ," ಎಂದರು. ಮೂರು ದಿನದಲ್ಲಿ ಹಾಲು ಬರುತ್ತದಂತೆ. ಕೊರಮೀನೆಂದರೆ ಹಾವಿನ ತಲೆಯ ಕರಿ ಮೀನು. ಗಾಯ ಮಾಯಲು, ರಕ್ತ ಊರಲು ಅದನ್ನು ತಿನ್ನಿಸುವುದು ನಮ್ಮ ಕಡೆ ಹಳೆಯ ಪದ್ಧತಿ. ಆದರೆ ಅದು ಜೀವಂತವಾಗಿ ಮನೆಗೆ ಬರಬೇಕು, ಮಳೆ ನೀರು ನಿಲ್ಲುವ ಸಣ್ಣ ಹೊಂಡದಲ್ಲೇ, ನಮ್ಮ ಕಡೆಯ ಕುಂಟೆಯಲ್ಲೇ ಬೆಳೆದಿರಬೇಕು. ಬೆಂಗಳೂರಿನಿಂದ ಪೈಪಿನಲ್ಲಿ ಬಂದ, ಕೊಳಚೆ ಸೋಸಿದ ನೀರು ತುಂಬಿಸಿದ ಕೆರೆಯ ಮೀನು ಬಾಣಂತಿಗೆ ಬೇಡವೇ ಬೇಡ ಎಂದು ಅತ್ತೆ ಪಟ್ಟು ಹಿಡಿದರು. ಅದು ಸರಿಯೋ ತಪ್ಪೋ ನಾನು ವಾದಿಸಲಿಲ್ಲ. ಮೀನು ತಿಂದರೆ ಹಾಲು ಬರುವುದಿಲ್ಲ, ತಾಯಿ ನೆಮ್ಮದಿಯಾಗಿರಬೇಕು, ಮಗು ಹತ್ತಿರ ಇರಬೇಕು ಎಂದು ನರ್ಸಮ್ಮ ಹೇಳಿದ್ದರು. ಅವರ ಜೊತೆಗೂ ವಾದಿಸಲಿಲ್ಲ.

ನಾನು ಮೋಟಾರ್ ರಿವೈಂಡಿಂಗ್ ಮಾಡುವವನು. ಬೋರ್‌ವೆಲ್ಲಿನೊಳಗೆ ಸುಟ್ಟುಹೋದ ಮೋಟಾರು ನನ್ನ ಅಂಗಡಿಗೆ ಬಂದರೆ ಬಿಚ್ಚುತ್ತೇನೆ, ಕರಕಲು ತಂತಿ ಕಿತ್ತು ಹೊಸ ತಾಮ್ರ ಸುತ್ತುತ್ತೇನೆ, ವಾರ್ನಿಷ್ ಕುಡಿಸುತ್ತೇನೆ. ಯಾವುದು ಕೆಟ್ಟರೂ ಕೈ ಹಾಕುವುದಷ್ಟೇ ನನಗೆ ಗೊತ್ತಿರುವುದು. ಆಸ್ಪತ್ರೆಯ ಆ ಓಣಿಯಲ್ಲಿ ಬಿಚ್ಚಲು ಏನೂ ಇರಲಿಲ್ಲ. ಕೈಗಳನ್ನು ಎಲ್ಲಿಡಬೇಕೆಂದೇ ತಿಳಿಯುತ್ತಿರಲಿಲ್ಲ. ಎರಡು ಸಲ ಹೋಗಿ ಬಂದ ಮೇಲೆ ಅಂಗಡಿಯಲ್ಲಿ ಕೆಲಸ ಇದೆ ಎಂದು ಸುಳ್ಳು ಹೇಳತೊಡಗಿದೆ. ಮೀನಿನ ಮಾತು ಬಂದಾಗ, ಇದು ನನ್ನಿಂದ ಆಗುವ ಕೆಲಸ ಎನ್ನಿಸಿತು.

ಮೊದಲು ಕೊಂಡು ತರಲು ನೋಡಿದೆ. ಕೋಲಾರದ ಮೀನಂಗಡಿಗಳಲ್ಲಿ ಐಸಿನಲ್ಲಿ ಬಿದ್ದ ಕಟ್ಲಾ, ರೂಪ್‌ಚಂದ್ ಮಾತ್ರ. ಶ್ರೀನಿವಾಸಪುರದಲ್ಲಿ ಒಬ್ಬ ತೊಟ್ಟಿಯಲ್ಲಿ ಜೀವಂತ ಕೊರಮೀನು ಇಟ್ಟಿದ್ದ. ಎಲ್ಲಿಯದು ಎಂದು ಕೇಳಿದರೆ ನಕ್ಕು ಮಾತು ತಿರುಗಿಸಿದ. ತಂದು ಕೊಟ್ಟೆ. ಅತ್ತೆ ಮೂಸಿ ನೋಡಿ, ಇದು ಸಾಕಿದ ಮೀನು ಎಂದು ಪಕ್ಕದ ಮನೆಗೆ ಕೊಟ್ಟುಬಿಟ್ಟರು. ಸಿಟ್ಟು ನೆತ್ತಿಗೇರಿತು. ಆದರೆ ಆ ಮುದುಕಿಯ ಮಾತು ಸುಳ್ಳೆಂದು ಹೇಳುವ ಧೈರ್ಯ ನನಗಿರಲಿಲ್ಲ. ಬೇರೇನೂ ಇರಲಿಲ್ಲವಲ್ಲ, ಹಿಡಿದುಕೊಳ್ಳಲು.

ನನಗೆ ಗಾಳ ಹಾಕಲು ಬರುವುದಿಲ್ಲ. ನನ್ನ ಓರಗೆಯ ಯಾರಿಗೂ ಬರುವುದಿಲ್ಲ. ನಾವು ಬತ್ತಿದ ಕೆರೆಯಂಗಳದಲ್ಲಿ ಕ್ರಿಕೆಟ್ ಆಡಿ ಬೆಳೆದವರು. ತೂಬಿನ ಕಲ್ಲೇ ನಮ್ಮ ವಿಕೆಟ್ಟು. ಈಗ ಕೆರೆಗಳಲ್ಲಿ ನೀರಿದೆ, ಕುಂಟೆಗಳೂ ಒಂದೆರಡು ಒಳ್ಳೆಯ ಮಳೆಗೆ ತುಂಬಿವೆ, ಆದರೆ ನೀರಿನಲ್ಲಿ ಏನು ಮಾಡಬೇಕೆಂದು ಹೇಳಿಕೊಡುವವರು ಹೋಗಿಬಿಟ್ಟಿದ್ದಾರೆ. ನಾನು ಫೋನು ತೆಗೆದು ನೋಡಿದೆ. ಅಮೆರಿಕದವರು ಬಾಸ್ ಎಂಬ ಮೀನು ಹಿಡಿಯುವ ವಿಡಿಯೋಗಳು ಸಾಲಾಗಿ ಬಂದವು. ಅದೂ ಕೊರಮೀನಿನ ಹಾಗೇ ದೊಡ್ಡ ಬಾಯಿಯದು, ಜೊಂಡಿನಲ್ಲಿ ಅಡಗುವುದು, ಕಪ್ಪೆ ಕಂಡರೆ ಎಗರುವುದು. ಕಡಿಮೆ ದುಡ್ಡಿಗೆ ಇಷ್ಟು ಕೊಂಡರೆ ಸಾಕು ಎಂದು ಒಬ್ಬ ಗಡ್ಡದವನು ದೋಣಿಯಲ್ಲಿ ನಿಂತು ಹೇಳುತ್ತಿದ್ದ. ಅವನ ಹಿಂದೆ ಒಂದು ಡಜನ್ ಕೋಲುಗಳು ಇದ್ದವು. ನಾನು ಆ ಭಾಷೆ ಪೂರ್ತಿ ತಿಳಿಯದೆಯೂ ಅವನನ್ನು ನಂಬಿದೆ.

ಆನ್‌ಲೈನಿನಲ್ಲಿ ಎಲ್ಲ ಒಟ್ಟಿಗೆ ಬರುವ ಸೆಟ್ಟೊಂದನ್ನು ತರಿಸಿದೆ. ಎಳೆದರೆ ಉದ್ದವಾಗುವ ಕೋಲು, ರೀಲು, ತಂಗೂಸು ಎನ್ನುವ ನೈಲಾನ್ ದಾರ, ಬಣ್ಣಬಣ್ಣದ ಪ್ಲಾಸ್ಟಿಕ್ ಹುಳುಗಳ ಡಬ್ಬಿ. ಎರಡು ದಿನದಲ್ಲಿ ಬಂತು. ಆ ಎರಡು ದಿನದಲ್ಲಿ ಮಗು ನಲವತ್ತು ಗ್ರಾಮ್ ಇಳಿದಿತ್ತು. ದಾರ ತೆಳ್ಳಗಿದೆ ಎನ್ನಿಸಿ ಅದನ್ನು ಬಿಚ್ಚಿ ಎಸೆದು ದಪ್ಪನೆಯದು ತಂದೆ. ತಂತಿಯ ಗೇಜು ನೋಡಿ ಬದುಕಿದವನು ನಾನು, ದಪ್ಪ ಇದ್ದರೆ ತಾಳುತ್ತದೆ ಎನ್ನುವುದು ನನ್ನ ಲೆಕ್ಕ. ರೀಲಿಗೆ ಅದನ್ನು ಕಾಯಿಲ್ ಸುತ್ತುವ ಹಾಗೆ ಸುತ್ತಿದೆ. ಸುತ್ತಿನ ಪಕ್ಕ ಸುತ್ತು, ಎಲ್ಲೂ ಸಡಿಲವಿಲ್ಲ, ಅಂಚಿನವರೆಗೂ ತುಂಬಿಸಿದೆ. ಸುತ್ತಿ ಮುಗಿಸಿದಾಗ ಆ ದಿನಗಳಲ್ಲಿ ಮೊದಲ ಸಲ ಒಂದು ಕೆಲಸ ನೆಟ್ಟಗೆ ಮಾಡಿದೆ ಎನ್ನಿಸಿತು.

ಕುರುಡುಮಲೆಯಿಂದ ಆಚೆ ಬಂಡೆಗಳ ಕೆಳಗೆ ಒಂದು ಕುಂಟೆ ಇದೆ, ಪೂರ್ತಿ ಮಳೆ ನೀರು. ಅಲ್ಲಿ ಹೋಗಿ ಗಡ್ಡದವನ ಹಾಗೆ ಬೀಸಿ ಎಸೆದೆ. ರೀಲಿನಿಂದ ದಾರ ಸುರುಳಿಸುರುಳಿಯಾಗಿ ಒಟ್ಟಿಗೇ ಚಿಮ್ಮಿ, ಕೋಲಿನ ಮೊದಲ ಉಂಗುರದಲ್ಲಿ ಗುಬ್ಬಿಗೂಡಿನಂತೆ ಕಟ್ಟಿಕೊಂಡಿತು. ಬಿಚ್ಚಿದೆ. ಎಸೆದೆ. ಮತ್ತೆ ಗೂಡು. ಮಧ್ಯಾಹ್ನದವರೆಗೂ ಅದೇ. ಕೊನೆಗೆ ಸಿಟ್ಟಿಗೆ ಜಗ್ಗಿದಾಗ ಕೋಲು ಎರಡನೆಯ ಗೆಣ್ಣಿನಲ್ಲಿ ಲಟಕ್ಕೆಂದು ಮುರಿಯಿತು. ನಾನು ಅಲ್ಲೇ ಬಂಡೆಯ ಮೇಲೆ ಕೂತು, ಐವತ್ತೆರಡು ವರ್ಷದ ಗಂಡಸು, ಗಟ್ಟಿಯಾಗಿ ಅತ್ತುಬಿಟ್ಟೆ. ದನ ಕಾಯುವ ಹೆಂಗಸೊಬ್ಬಳು ದೂರದಿಂದ ನೋಡಿ ದನಗಳನ್ನು ಬೇರೆ ಕಡೆ ಹೊಡೆದುಕೊಂಡು ಹೋದಳು.

ಮುಳಬಾಗಿಲಿನ ಪೇಟೆಯಲ್ಲಿ ಹಗ್ಗ, ಟಾರ್ಪಾಲು, ಬಲೆ ಮಾರುವ ಹಳೆಯ ಅಂಗಡಿಯೊಂದಿದೆ. ಮಾಲೀಕರು ವಯಸ್ಸಾದ ಸಾಬರು, ನನ್ನ ಅಂಗಡಿಯ ಹಗ್ಗ ಅಲ್ಲಿಯದೇ. ಅವರು ಗಾಳವನ್ನೂ ಇಟ್ಟಿದ್ದಾರೆ ಎನ್ನುವುದು ಅಷ್ಟು ವರ್ಷ ನನ್ನ ಕಣ್ಣಿಗೇ ಬಿದ್ದಿರಲಿಲ್ಲ. ಮುರಿದ ಕೋಲನ್ನೂ ರೀಲನ್ನೂ ಅವರ ಮುಂದಿಟ್ಟೆ. ರೀಲು ನೋಡಿ ಅವರು ಕನ್ನಡಕ ಏರಿಸಿದರು.

"ಯೇ ಕ್ಯಾ ಭಾಯ್, ಇದೇನ್ ಮೋಟಾರಾ? ಅಂಚಿನ ತನಕ ತುಂಬ್ಸಿದ್ರೆ ಉಕ್ಕಲ್ವಾ? ಒಂದು ನೂಲು ಜಾಗ ಬಿಡ್ಬೇಕು."

ಒಂದು ನೂಲೆಂದರೆ ಇಂಚಿನ ಎಂಟರಲ್ಲೊಂದು ಪಾಲು. ನನ್ನ ಕಸುಬಿನ ಅಳತೆಯನ್ನೇ ಅವರು ನನಗೆ ಹೇಳಿದರು. ನಾಚಿಕೆಯಾಯಿತು. ನಾಚಿಕೆಗಿಂತ ಹೆಚ್ಚಾಗಿ, ಮೂರು ದಿನ ಹೋಯಿತಲ್ಲ ಎನ್ನಿಸಿತು. ಯಾಕೆ ಬೇಕು ಎಂದು ಅವರು ಕೇಳಿದರು. ಹೇಳಿದೆ. ಅವರು ಗಲ್ಲಾದಿಂದ ಎದ್ದು ಬಂದು ನನ್ನ ಪಕ್ಕದ ಸ್ಟೂಲಿನ ಮೇಲೆ ಕೂತರು.

"ದೊಡ್ಡ ರೀಲು ನಕೋ, ಹುಳದ ಡಬ್ಬಿ ನಕೋ," ಎಂದರು. "ಎಲ್ರೂ ರೀಲಿಗೆ ದುಡ್ಡು ಸುರೀತಾರೆ. ಮೀನು ರೀಲು ನೋಡಲ್ಲ. ದಾರಕ್ಕೆ, ಕೊಕ್ಕೆಗೆ ಹಾಕಿ. ಮಿಕ್ಕಿದ್ದೆಲ್ಲ ಸಸ್ತಾ ಇರ್ಲಿ."

ಎರಡೇ ತುಂಡಿನ ಗಿಡ್ಡ ಫೈಬರ್ ಕೋಲು ತೆಗೆದರು. ಅದನ್ನು ನನ್ನ ಕೈಗೆ ಕೊಟ್ಟು ತುದಿಯನ್ನು ತಾವು ಹಿಡಿದು ಬಗ್ಗಿಸಿದರು. ನೋಡಲು ಚೆಂದವಿಲ್ಲ, ಮುರಿಯುವುದೂ ಇಲ್ಲ. ಆಮೇಲೆ ಹೆಣೆದ ದಾರ, ನಾನು ಎಸೆದಿದ್ದ ತಂಗೂಸಿಗಿಂತಲೂ ತೆಳ್ಳಗಿನದು. ತಾಳುತ್ತದೆಯೇ ಎಂದೆ. ಒಂದು ಮೊಳ ಕತ್ತರಿಸಿ, ಜಗ್ಗಿ ಹರಿಯಿರಿ ಎಂದರು. ಬೆರಳು ಕುಯ್ದುಕೊಂಡಿತೇ ಹೊರತು ದಾರ ಹರಿಯಲಿಲ್ಲ. ಕೊನೆಗೆ ಒಂದು ರಬ್ಬರ್ ಕಪ್ಪೆ. ಅದರ ಎರಡು ಕೊಕ್ಕೆಗಳು ಬೆನ್ನಿಗೆ ಅಂಟಿಕೊಂಡು ಮೇಲಕ್ಕೆ ಇರುತ್ತವೆ, ಜೊಂಡಿಗೆ ಸಿಕ್ಕಿಕೊಳ್ಳುವುದಿಲ್ಲ. ಮೀನು ಕಚ್ಚಿ ಹಿಸುಕಿದಾಗ ಮಾತ್ರ ಹೊರಗೆ ಬರುತ್ತವೆ. ಹಿಸುಕಿ ನೋಡಿ ಮೆತ್ತಗಿರುವುದನ್ನೇ ಆರಿಸಿ ಎಂದರು. ನಾನು ಹನ್ನೆರಡು ಕಪ್ಪೆ ಹಿಸುಕಿ ಒಂದನ್ನು ಆರಿಸಿದೆ. ಆ ಸಣ್ಣ ಕೆಲಸಕ್ಕೆ ಅಷ್ಟು ಹೊತ್ತು ಯಾಕೆ ತೆಗೆದುಕೊಂಡೆನೋ. ಮನೆಗೆ ಹೋಗಲು ಮನಸ್ಸಿರಲಿಲ್ಲ, ಅಷ್ಟೇ.

"ಕುಂಟೆ ಮಧ್ಯಕ್ಕೆ ಎಸೀತಿದ್ರಾ?" ಎಂದು ಕೇಳಿದರು. ಹೌದೆಂದೆ. "ಅದಕ್ಕೇ. ಕೊರಮೀನು ಅಂಚಲ್ಲಿ ಇರ್ತದೆ ಭಾಯ್, ನಿಮ್ಮ ಕಾಲ ಕೆಳಗೆ." ನಾನು ಸಾಮಾನು ಎತ್ತಿಕೊಂಡು ಮೆಟ್ಟಿಲಿಳಿಯುವಾಗ ಮತ್ತೆ ಕರೆದರು. "ಒಂದ್ ಮಾತು. ನೀರಲ್ಲಿ ಕೆಂಪು ಮರಿ ಗುಂಪು ಕಂಡ್ರೆ ಅಲ್ಲಿ ಹಾಕ್ಬೇಡಿ. ಅಪ್ಪ ಅಮ್ಮ ಕೆಳಗೆ ಕಾವಲು ಇರ್ತವೆ. ಏನ್ ಬಿದ್ರೂ ಬಂದು ಕಚ್ತವೆ. ಹಸಿವಿಗೆ ಅಲ್ಲ. ಅವು ಹೋದ್ರೆ ಮರಿ ಉಳಿಯಲ್ಲ. ಅಂಥದ್ದು ನಾವ್ಯಾರೂ ಹಿಡಿಯಲ್ಲ."

ಮೂರು ದಿನ ಹೊತ್ತು ಹುಟ್ಟುವ ಮುಂಚೆಯೇ ಕುಂಟೆಗೆ ಹೋದೆ. ಬೈರಕೂರಿನ ಕಡೆಯ ಇನ್ನೊಂದು ಕುಂಟೆಗೂ ಹೋದೆ. ದಾರ ಈಗ ಗೂಡು ಕಟ್ಟುತ್ತಿರಲಿಲ್ಲ, ಕಪ್ಪೆ ಜೊಂಡಿನ ಮೇಲೆ ಸಲೀಸಾಗಿ ಬರುತ್ತಿತ್ತು, ಮೀನು ಮಾತ್ರ ಇಲ್ಲ. ಮನೆಯಲ್ಲಿ ನನ್ನ ಜೊತೆ ಮಾತಾಡಲು ಎಲ್ಲರೂ ಹೆದರುತ್ತಿದ್ದರು. ಸಾರಿಗೆ ಉಪ್ಪು ಕಡಿಮೆ ಎಂದು ಹೆಂಡತಿಯ ಮೇಲೆ ಕೂಗಾಡಿದೆ. ಅವಳು ತಟ್ಟೆ ಎತ್ತಿಕೊಂಡು ಹೋದಳು. ಮೂರನೆಯ ಸಂಜೆ ಮಗಳು ನನ್ನ ಹತ್ತಿರ ಬಂದು ನಿಂತಳು. ಕಣ್ಣಿನ ಸುತ್ತ ಕಪ್ಪಾಗಿತ್ತು.

"ಅಪ್ಪ, ನಾಳೆ ನೀನೂ ಬಾ ಕೋಲಾರಕ್ಕೆ."

"ನಾಳೆ ಒಂದಿನ ಬಿಡಮ್ಮ," ಎಂದೆ. "ನಾಳೆ ಖಂಡಿತ ಸಿಗ್ತದೆ."

ಅವಳು ಒಳಗಿನ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ನಾನು ಕಪ್ಪೆಯ ಕೊಕ್ಕೆಗಳನ್ನು ಅರದಲ್ಲಿ ಉಜ್ಜುತ್ತ ಕೂತೆ.

ಮರುದಿನ ಕುರುಡುಮಲೆಯ ಆಚೆಯ ಕುಂಟೆಯಲ್ಲಿ, ಬಿಸಿಲು ನೀರಿಗೆ ಬಿದ್ದ ಮೇಲೆ, ಜೊಂಡಿನ ಪಕ್ಕ ಊಟದ ತಟ್ಟೆಯಗಲದ ಕೆಂಪು ಕಂಡಿತು. ಅಲುಗುವ ಕೆಂಪು. ಕಡ್ಡಿಯಂಥ ನೂರಾರು ಮರಿಗಳು ಒಂದರ ಮೇಲೊಂದು ಬಂದು ಗುಳುಗುಳು ಗಾಳಿ ಕುಡಿದು ಮುಳುಗುತ್ತಿದ್ದವು. ಸಾಬರು ಹೇಳಿದ್ದು ಇದೇ ಎಂದು ಗೊತ್ತಾಯಿತು. ಗೊತ್ತಿರಲಿಲ್ಲ ಎಂದು ಹೇಳಿಕೊಳ್ಳಲು ನನಗೆ ದಾರಿಯಿಲ್ಲ. ತುಂಬ ಹೊತ್ತು ನಿಂತೆ. ಆ ಹೊತ್ತಿನಲ್ಲಿ ನನ್ನ ಕಣ್ಣ ಮುಂದಿದ್ದದ್ದು ಒಣ ಬಾಟಲಿಯೊಂದೇ. ಇವು ನೂರಾರಿವೆ, ನಮ್ಮದು ಒಂದೇ ಒಂದು ಎಂದುಕೊಂಡೆ. ಕಪ್ಪೆಯನ್ನು ಸರಿಯಾಗಿ ಆ ಕೆಂಪಿನ ನಡುವೆ ಇಳಿಸಿದೆ.

ನೀರು ಒಡೆಯಿತು. ಹೊಸಬನಾದರೂ ನನ್ನ ಕೈ ತಪ್ಪಲಿಲ್ಲ, ಕೋಲು ಬಗ್ಗಿ ತಾಳಿತು, ಆ ತೆಳ್ಳನೆಯ ದಾರ ಜೊಂಡನ್ನು ಕುಯ್ದುಕೊಂಡು ಬಂತು. ಒಂದು ನಿಮಿಷವೂ ಆಗಿರಲಿಲ್ಲ, ಮೊಳಕ್ಕಿಂತ ಉದ್ದದ ಮೀನು ದಡದ ಕೆಸರಿನಲ್ಲಿತ್ತು. ಎಲ್ಲ ಸಾಮಾನೂ ಹೇಳಿದ ಹಾಗೆ ಕೆಲಸ ಮಾಡಿತ್ತು. ಬಕೆಟ್ಟಿಗೆ ನೀರು ತುಂಬಿ ಮೀನು ಬಿಟ್ಟು, ತೂತು ಮಾಡಿದ ಮುಚ್ಚಳ ಹಾಕಿದೆ. ಕೆಂಪು ಗುಂಪು ಚೆದುರಿ ಮತ್ತೆ ಕೂಡಿ, ನಾನು ನಿಂತ ಅಂಚಿನವರೆಗೂ ಬಂದು ಸುತ್ತುತ್ತಿತ್ತು. ನೋಡಲಿಲ್ಲ ಎಂದರೆ ಸುಳ್ಳು. ನೋಡಿದೆ, ನೋಡಿಕೊಂಡೇ ಸ್ಕೂಟರ್ ಹತ್ತಿದೆ.

ಮನೆಗೆ ಬೀಗ ಹಾಕಿತ್ತು. ಅತ್ತೆಯೂ ಇರಲಿಲ್ಲ. ಪಕ್ಕದ ಮನೆಯಾಕೆ ಹೊರಗೆ ಬಂದು, "ಬೆಳಿಗ್ಗೇನೇ ಆಸ್ಪತ್ರೆಯಿಂದ ಫೋನ್ ಬಂತು ಅಣ್ಣ, ಎಲ್ಲಾ ಆಟೋದಲ್ಲಿ ಹೋದ್ರು. ನಿಮಗೆ ಎಷ್ಟ್ ಸಾರಿ ಮಾಡಿದ್ರೋ," ಎಂದಳು. ರಿಪೇರಿಗೆ ಮೋಟಾರು ಕೊಟ್ಟವರ ಕಾಟ ತಪ್ಪಲೆಂದು ನಾನು ಫೋನಿನ ಸದ್ದು ಅಡಗಿಸಿಟ್ಟಿದ್ದೆ. ತೆಗೆದು ನೋಡಿದರೆ ಹನ್ನೊಂದು ಕರೆ. ಏಳು ಮಗಳವೇ. ತಿರುಗಿ ಮಾಡಿದರೆ ಯಾರೂ ಎತ್ತಲಿಲ್ಲ.

ಬಕೆಟ್ ಕೆಳಗಿಡಬೇಕು ಎನ್ನುವುದೂ ಹೊಳೆಯಲಿಲ್ಲ. ಕಾಲಿನ ನಡುವೆ ಅದನ್ನು ಒತ್ತಿ ಹಿಡಿದು ಹೈವೇಯಲ್ಲಿ ಕೋಲಾರಕ್ಕೆ ಹೊಡೆದೆ. ಮಗು ಹೋಯಿತು ಎಂದೇ ತೀರ್ಮಾನಿಸಿದ್ದೆ. ದಾರಿಯುದ್ದಕ್ಕೂ ಮೀನು ಬಕೆಟ್ಟಿಗೆ ಗುದ್ದುತ್ತಿತ್ತು, ಆ ಗುದ್ದು ನನ್ನ ಮೊಣಕಾಲಿಗೆ ಬಡಿಯುತ್ತಿತ್ತು.

ಗೇಟಿನವನು ಬಕೆಟ್ ಒಳಗೆ ಬಿಡಲಿಲ್ಲ. ಅಲ್ಲೇ ಗೋಡೆಯ ಪಕ್ಕ ಇಟ್ಟು ಓಡಿದೆ. ಓಣಿಯ ಕೊನೆಯಲ್ಲಿ ಹೆಂಡತಿ ಗಾಜಿನ ಬಾಗಿಲಿಗೆ ಹಣೆ ಒತ್ತಿ ನಿಂತಿದ್ದಳು. ನನ್ನನ್ನು ಕಂಡು ತುಟಿಯ ಮೇಲೆ ಬೆರಳಿಟ್ಟಳು. ಒಳಗೆ ಕುರ್ಚಿಯ ಮೇಲೆ ಮಗಳು ಹಿಂದಕ್ಕೊರಗಿ ಕೂತಿದ್ದಳು. ಅವಳ ಬರಿಯ ಎದೆಯ ಮೇಲೆ, ಬಟ್ಟೆಯ ಮರೆಯಲ್ಲಿ, ಮುಷ್ಟಿಗಾತ್ರದ ತಲೆಗೊಂದು ಟೋಪಿ ಹಾಕಿಕೊಂಡು ಮಗು ಮಲಗಿತ್ತು. ಬೆಳಿಗ್ಗೆ ಅದು ಉಸಿರು ಮರೆತು ನೀಲಿಯಾಗಿತ್ತಂತೆ. ಡಾಕ್ಟರು ಸರಿಮಾಡಿದ ಮೇಲೆ, ಇನ್ನು ತಾಯಿಯ ಎದೆಗೇ ಹಾಕೋಣ ಎಂದರಂತೆ. ಒಂದು ಗಂಟೆಯಾಗಿರಬಹುದು, ಹಾಲು ತಾನಾಗಿ ಸೋರಿ ಅವಳ ಬಟ್ಟೆಯೆಲ್ಲ ಒದ್ದೆಯಾಯಿತಂತೆ. ಹೆಂಡತಿ ಇದೆಲ್ಲ ನನ್ನ ಕಿವಿಯಲ್ಲಿ ಪಿಸುಗುಟ್ಟುತ್ತ ಅಳುತ್ತಿದ್ದಳು.

ನರ್ಸಮ್ಮ ನನ್ನನ್ನು ಬಾಗಿಲವರೆಗೆ ಬಿಟ್ಟರು. ಮಗಳು ತಲೆ ಎತ್ತದೆ ಕಣ್ಣು ಮಾತ್ರ ತಿರುಗಿಸಿದಳು.

"ಎಲ್ಲಿ ಹೋಗಿದ್ದೆ ಅಪ್ಪ? ಇದು ನೀಲಿ ಆಗಿಬಿಟ್ಟಿತ್ತು. ನಾನು ನಿನಗೆ ಫೋನ್ ಮಾಡ್ತಾನೇ ಇದ್ದೆ."

"ಮೀನು ಸಿಕ್ತಮ್ಮ," ಎಂದೆ.

"ನಾನು ಮೀನು ಕೇಳಿದ್ನಾ?"

ಸಿಟ್ಟಿನಿಂದ ಹೇಳಲಿಲ್ಲ. ಸಿಟ್ಟಿನಿಂದ ಹೇಳಿದ್ದರೆ ನಾನು ತಡೆದುಕೊಳ್ಳುತ್ತಿದ್ದೆ. ಅವಳು ಮತ್ತೆ ಮಗುವಿನ ಕಡೆ ನೋಡತೊಡಗಿದಳು.

ಕೆಳಗೆ ಬಂದು ಮುಚ್ಚಳ ತೆಗೆದೆ. ಕೊರಮೀನು ಗಾಳಿ ಕುಡಿದು ಬದುಕುವ ಜಾತಿ, ಇನ್ನೂ ಜೀವವಿತ್ತು. ಅದನ್ನು ಈಗ ಮಗಳಿಗೆ ಬಡಿಸುವುದು ನನ್ನಿಂದ ಆಗುವ ಮಾತಾಗಿರಲಿಲ್ಲ. ಯಾರಿಗೂ ಹೇಳದೆ ಮತ್ತೆ ಸ್ಕೂಟರ್ ಹತ್ತಿದೆ. ಕುಂಟೆ ತಲುಪಿದಾಗ ಬಿಸಿಲು ಇನ್ನೂ ಜೋರಾಗಿತ್ತು. ಹಿಡಿದ ಜಾಗದಲ್ಲೇ ಮೀನನ್ನು ಬಿಟ್ಟೆ. ಅದು ಕೆಸರಿನಲ್ಲಿ ಸ್ವಲ್ಪ ಹೊತ್ತು ಅಲ್ಲಾಡದೆ ಇದ್ದು, ಆಮೇಲೆ ಜೊಂಡಿನೊಳಗೆ ಹೋಯಿತು. ಕೆಂಪು ಎಲ್ಲೂ ಕಾಣಲಿಲ್ಲ. ಕುಂಟೆಯನ್ನು ಒಂದು ಸುತ್ತು ಹಾಕಿದೆ, ಎರಡನೆಯ ಸುತ್ತು ಹಾಕಿದೆ. ಎದುರಿನ ಬಂಡೆಯ ಮೇಲೆ, ಮುಳುಗಿ ಮೀನು ನುಂಗುವ ಎರಡು ನೀರುಕಾಗೆಗಳು ರೆಕ್ಕೆ ಹರಡಿ ಒಣಗಿಸಿಕೊಳ್ಳುತ್ತಿದ್ದವು.

ಮೂರನೆಯ ಸುತ್ತಿನಲ್ಲಿರುವಾಗ ಹೆಂಡತಿಯ ಫೋನ್ ಬಂತು.

"ಚಮಚದಲ್ಲಿ ನಾಲ್ಕು ಸಾರಿ ಕುಡೀತು ಕಣ್ರೀ, ಕಕ್ಕಲಿಲ್ಲ," ಎಂದಳು. "ಮತ್ತೆ ಎಲ್ಲಿಗೆ ಹೋದ್ರಿ ನೀವು? ಅವಳು ಕೇಳ್ತಾ ಇದಾಳೆ."

"ಇಲ್ಲೊಂದು ಸಂಸಾರ ಹಾಳು ಮಾಡಿದೀನಿ," ಎಂದೆ. "ಮರಿ ಯಾವುದಾದ್ರೂ ಉಳಿದಿದೆಯಾ ಅಂತ ನೋಡ್ತಾ ಇದೀನಿ."

ಅವಳಿಗೆ ಅರ್ಥವಾಗಲಿಲ್ಲ. ಬಿಸಿಲಲ್ಲಿ ನಿಲ್ಲಬೇಡಿ, ಬನ್ನಿ ಎಂದಳು. ಬರ್ತೀನಿ ಎಂದು ಫೋನಿಟ್ಟು, ನಾಲ್ಕನೆಯ ಸುತ್ತು ಹೊರಟೆ.